ಹಳದಿ ಗೆರೆಯ ಈಚೆ

ಹಾಸನದ ದೊಡ್ಡಾಸ್ಪತ್ರೆ, ಸ್ಕ್ಯಾನಿಂಗ್ ಕೋಣೆ.
ನನ್ನ ಕೆಲಸ ಬಿಚ್ಚಿಸುವುದು.
ಓಲೆ, ಕಾಲುಂಗುರ, ಹೇರ್‌ಪಿನ್ನು, ಉಡಿದಾರ,
ರವಿಕೆಗೆ ಚುಚ್ಚಿದ ಪಿನ್ನು, ಪಿನ್ನಿಗೆ ಸಿಕ್ಕಿಸಿದ ಭಸ್ಮದ ಪೊಟ್ಟಣ,
ಎಲ್ಲ ಒಂದು ಸ್ಟೀಲು ಡಬ್ಬಿಗೆ, ಮೇಲೆ ಹೆಸರಿನ ಚೀಟಿ.
ನನ್ನ ಶಿಲುಬೆಯೂ ದಿನಾ ಬೆಳಿಗ್ಗೆ ಎಂಟಕ್ಕೆ
ಡ್ರಾಯರಿನೊಳಗೆ ಮಲಗುತ್ತದೆ, ಸಂಜೆ ಏಳುತ್ತದೆ.
ಯಾವ ದೇವರ ಲೋಹವೂ ಅದಕ್ಕೆ ಆಗದು.

ದುದ್ದದಿಂದ ಬಂದವಳು ಪುಟ್ಟಲಕ್ಷ್ಮಮ್ಮ, ನಲವತ್ಮೂರು.
ಚೀಟಿಯಲ್ಲಿ ಬರೆದಿತ್ತು:
ಒಂದು ವರ್ಷದಿಂದ ಕಿವಿಯಲ್ಲಿ ಮಾತು, ನಿದ್ದೆಯಿಲ್ಲ.
ಎಲ್ಲ ತಾನೇ ಬಿಚ್ಚಿಕೊಟ್ಟಳು, ಅವರೆಕಾಯಿ ಸುಲಿದಂತೆ.
ತಾಳಿ ಬಿಚ್ಚುವಾಗಲೂ ಸುಮ್ಮನಿದ್ದ ಗಂಡ
ಎಡದೋಳಿನ ತಾಮ್ರದ ತಾಯಿತ ಮುಟ್ಟಿದ ಕೂಡಲೇ ಅಡ್ಡಬಂದ:
‘ಅದೊಂದ್ ತೆಗೀಬ್ಯಾಡಿ ಸಿಸ್ಟರ್.
ನಲವತ್ತೆಂಟು ದಿನದ ಯಂತ್ರ. ಇವತ್ತಿಗೆ ನಲವತ್ತೊಂದು.’

ಸಿಸ್ಟರ್ ಅಲ್ಲ ನಾನು, ಆಯಾ. ತಿದ್ದಲಿಲ್ಲ.
‘ಆ ಯಂತ್ರದೊಳಕ್ಕೆ ಈ ಯಂತ್ರ ಹೋಗೋ ಹಾಗಿಲ್ಲ’ ಅಂದೆ.
ಎರಡಕ್ಕೂ ಒಂದೇ ಹೆಸರಿಟ್ಟವರು ಯಾರೋ,
ಅವರನ್ನು ಕರೆಸಬೇಕಿತ್ತು ಆ ಹೊತ್ತಿಗೆ.

ಅವನು ಕೂಗಾಡಲಿಲ್ಲ. ಲೆಕ್ಕ ಒಪ್ಪಿಸಿದ:
ಪಾಯ ತೆಗೆವಾಗ ಹುತ್ತ ಅಗೆದದ್ದು,
ಅವಳ ತವರಿನ ದೇವರಿಗೆ ಮೂರು ವರ್ಷ ಹೋಗದೆ ಉಳಿದದ್ದು,
ಅಮಾವಾಸ್ಯೆ ಸಂಜೆ ಮೂರುದಾರಿ ಕೂಡುವಲ್ಲಿ
ಯಾರೋ ಇಳಿಸಿಟ್ಟ ನಿಂಬೆಹಣ್ಣು ದಾಟಿದ್ದು.
ಯಾವುದರಿಂದ ಅಂತ ಪೂಜಾರರಿಗೂ ಪೂರಾ ತಿಳಿಯದು.
ಆದರೆ ಮೈ ಬಿಟ್ಟರೆ ಮತ್ತೆ ಒಂದರಿಂದ ಎಣಿಸಬೇಕು.
ಸ್ಕ್ಯಾನಿಗೆ ದಿನ ಸಿಕ್ಕಲು ಅವರು ಕಾದದ್ದು ಇಪ್ಪತ್ತಾರು ದಿನ.
ಅದೂ ಎಣಿಕೆಯೇ.

‘ಮೈ ಬಿಡಬಾರದು, ಅಷ್ಟೇ ತಾನೆ?’ ಅಂದವಳು ನಾನೇನಾ?
ತೋಳು ಮೇಲೇರಿಸಿ ಕೈ ಚಾಚಿದೆ.
‘ನನ್ ಮೈಮೇಲಿರ್ಲಿ. ಇಪ್ಪತ್ತು ನಿಮಿಷ.’
ಅವನು ನನ್ನ ಹೆಸರಿನ ಬಿಲ್ಲೆ ಓದಿದ: ರೋಸಲಿನ್.
ಆಮೇಲೆ ಕಟ್ಟಿದ, ಬಿಗಿಯಾಗಿ, ಕಣ್ಣು ಮುಚ್ಚಿ.

ಲೋಹ ತೊಟ್ಟವರು ಹಳದಿ ಗೆರೆ ದಾಟುವಂತಿಲ್ಲ.
ಇಮ್ತಿಯಾಜ್ ಸರ್ ತಾವೊಬ್ಬರೇ ಅವಳನ್ನು ಮಲಗಿಸಿದರು.
ಗಾಜಿನ ಈಚೆ ನಾನು, ತೋಳಿಗೆ ಬೇರೆಯವರ ಭಯ.
ಡಬ್ ಡಬ್ ಡಬ್ ಶುರುವಾಯಿತು.
ನಗಬೇಕು ಅಂದುಕೊಂಡೆ. ಆಗಲಿಲ್ಲ.

ನೆನಪಾದದ್ದು ನಮ್ಮ ಚಿಕ್ಕಮ್ಮ, ಆಗ್ನೇಸಮ್ಮ.
ಮೂರು ಶನಿವಾರ, ಶೀಟಿನ ಶೆಡ್ಡಿನ ಪ್ರಾರ್ಥನೆಯಲ್ಲಿ
ಹಣೆ ಒತ್ತಿ ಹಿಡಿದು ‘ಬಿಟ್ಟು ತೊಲಗು’ ಅನ್ನುತ್ತಿದ್ದರು.
ಅವಳ ಕಾಲು ಹಿಡಿದುಕೊಳ್ಳಲು ನನಗೆ ಹೇಳಿದ್ದರು.
ನನಗೆ ಹನ್ನೊಂದು.
ಹಿಡಿದಿದ್ದೆ, ಶಕ್ತಿ ಮೀರಿ, ನಂಬಿ.
ಬಿಟ್ಟುಹೋಯಿತು ಅಂದರು.
ಆಮೇಲೆ ಚಿಕ್ಕಮ್ಮ ನನ್ನ ಕೈಯಿಂದ
ನೀರೂ ಇಸಿದುಕೊಳ್ಳಲಿಲ್ಲ.

ಇಮ್ತಿಯಾಜ್ ಸರ್ ಪರದೆ ನೋಡಿ ಮೆಲ್ಲಗೆ:
‘ನನ್ ಕಣ್ಣಿಗೆ ಏನೂ ಕಾಣ್ತಿಲ್ಲ. ಡಾಕ್ಟರು ಬರೀತಾರೆ.’
ಗಂಡ ಕೇಳಿಸಿಕೊಂಡ.
‘ಏನೂ ಇಲ್ವಾ? ಹಂಗಾದ್ರೆ ಎಲ್ಲೈತೆ?’
ನಾವಿಬ್ಬರೂ ಫೈಲು ನೋಡಿದೆವು.

ಅವಳು ಹೊರಬಂದಳು, ಕೂದಲು ಕೆದರಿ, ನಿದ್ದೆಗಣ್ಣು.
‘ನಮ್ ಹಿಟ್ಟಿನ್ ಮಿಲ್ ಇದ್ದಂಗೇ ಐತೆ ಒಳಗೆ’
ಅಂದಳು, ನನಗೊಬ್ಬಳಿಗೇ.
‘ಅದು ಓಡ್ತಿದ್ದಾಗ ಅವರ್ಯಾರ ಮಾತೂ ಕೇಳುಸ್ತಿರ್ಲಿಲ್ಲ.
ಹೋದ್ ವರ್ಷ ಮಾರ್‌ಬುಟ್ರು.’
ಡಾಕ್ಟರಿಗೆ ಹೇಳಿದಿರಾ ಇದನ್ನ, ಅಂದೆ.
ಅವಳು ಕಾಲುಂಗುರ ಹುಡುಕತೊಡಗಿದಳು.

ನನ್ನ ತೋಳಿನ ಗಂಟು ಒಂದೇ ಕೈಲಿ ಬಿಚ್ಚಲಾಗಲಿಲ್ಲ.
ಅವಳೇ ಬಗ್ಗಿ ಹಲ್ಲಿನಿಂದ ಸಡಿಲಿಸಿದಳು.
ಬಿಸಿ ಉಸಿರು. ಎಲೆಯಡಿಕೆ ವಾಸನೆ.
ತಾಯಿತ ಅವಳ ತೋಳಿಗೆ ಮರಳಿತು.
‘ನಲವತ್ತೊಂದು’ ಅಂದ ಗಂಡ.
ಮಾತ್ರೆ ಚೀಟಿ ಮಡಚಿ ಜೇಬಿಗಿಡುತ್ತ
‘ಬೆಳಿಗ್ಗೆ ಒಂದು, ರಾತ್ರಿ ಎರಡು’ ಅಂದ, ಅದೇ ದನಿಯಲ್ಲಿ.

ಸಂಜೆ ಡ್ರಾಯರು ತೆಗೆದೆ.
ತೋಳಿನ ಮೇಲೆ ದಾರದ ಗೆರೆ ಇನ್ನೂ ಇತ್ತು.
ಬಸ್ಸಿನಲ್ಲಿ ಸೆರಗು ಹೊದ್ದು ಮುಚ್ಚಿಕೊಂಡೆ.
ಶಿಲುಬೆ ಹಾಕಿಕೊಂಡಿಲ್ಲ ಅಂತ ಗೊತ್ತಾದದ್ದು
ಆಲೂರು ದಾಟಿದ ಮೇಲೆ;
ಮುಚ್ಚಿದ ಮುಷ್ಟಿಯೊಳಗೇ ಇತ್ತು, ಬೆವತು.