ಕೇಳು

ಕಿಸುಮು ಪಟ್ಟಣದ ಮೂರನೇ ನಂಬರಿನ ಕೋರ್ಟು.
ಬಾಗಿಲಲ್ಲಿ ಜವಾನ ಅಮ್ಮನ ಹೆಸರನ್ನು ಮೂರು ಸಲ ಕೂಗುತ್ತಾನೆ.
ಆರೋಪವೂ ಅದೇ:
ಮಾರ್ಕೆಟ್ಟಿನ ಕಾವಲಿನವನು ಬೆನ್ನ ಹಿಂದಿನಿಂದ
ಮೂರು ಸಲ ಕೂಗಿದನಂತೆ, ಇವಳು ನಿಲ್ಲಲಿಲ್ಲವಂತೆ,
ತಲೆಯ ಮೇಲೆ ಒಮೆನಾ ಮೀನಿನ ಬುಟ್ಟಿ ಹೊತ್ತು
ಸೊಕ್ಕಿನಿಂದ ನಡೆದೇ ಹೋದಳಂತೆ.

ಸೊಕ್ಕು ಅಂದರೆ ನೆಟ್ಟಗಿನ ಕತ್ತು ಇರಬೇಕು.
ಬುಟ್ಟಿ ಹೊತ್ತವಳು ತಲೆ ತಗ್ಗಿಸಿದರೆ ಮೀನು ಚೆಲ್ಲುತ್ತದೆ.

ಅಡೊಂಗೊ, ಅವಳಿಯಲ್ಲಿ ಹಿಂದೆ ಹುಟ್ಟಿದವಳು.
ಆ ಹೆಸರನ್ನು ಅವಳು ಕಾಗದದ ಮೇಲೆ ಮಾತ್ರ ಬಲ್ಲಳು.
ನಮ್ಮೊಳಗೆ ಅವಳು
ಹುಬ್ಬಿನ ಗಾಯದ ಮೇಲೆ ಎರಡು ಬೆರಳ ಮಿನುಗು.

ಕೈಮಾತು ಬಲ್ಲ ದುಭಾಷಿ ಇವತ್ತೂ ಬಂದಿಲ್ಲ.
ಹೋದ ತಿಂಗಳೂ ಬಂದಿರಲಿಲ್ಲ.
ಅದರ ಹಿಂದಿನ ಸಲ ಬಂದವನಿಗೆ
ಬೆರಳಲ್ಲಿ ಎ ಬಿ ಸಿ ಡಿ ಬರುತ್ತಿತ್ತು, ಅಷ್ಟೆ.
ಸಾಕ್ಷಿ ಎನ್ನುವ ಮಾತು ಬಂದದ್ದೇ
ಹತ್ತೂ ಬೆರಳು ಅವನಿಗೆ ಕೈಕೊಟ್ಟವು.

ಗುಮಾಸ್ತ ಕಡತದಿಂದ ಕಣ್ಣೆತ್ತದೆ ಅಂದ:
"ಮಗಳಿದ್ದಾಳಲ್ಲ, ಅವಳೇ ಹೇಳಲಿ."

ಮಗಳಿದ್ದಾಳೆ. ಯಾವಾಗಲೂ ಇದ್ದಳು.
ಏಳು ವರ್ಷಕ್ಕೇ ಮನೆ ಬಾಡಿಗೆಗೆ ಚೌಕಾಸಿ ಮಾಡಿದ್ದೆ.
ಒಂಬತ್ತಕ್ಕೆ, ಆಸ್ಪತ್ರೆಯ ಹಸಿರು ಪರದೆಯ ಹಿಂದೆ,
ಹೊಟ್ಟೆಯಲ್ಲೇ ತೀರಿಹೋದ ತಮ್ಮನ ಸುದ್ದಿಯನ್ನು
ಡಾಕ್ಟರ ಬಾಯಿಂದ ಇಸಕೊಂಡು
ಅಮ್ಮನ ಕಣ್ಣಿಗೆ ಒಪ್ಪಿಸಬೇಕಿತ್ತು.
ಅಷ್ಟು ದೊಡ್ಡ ಮಾತಿಗೆ ನನ್ನ ಕೈ ಇನ್ನೂ ಚಿಕ್ಕದು.
ಮಲಗಿದೆ, ಎಂದುಬಿಟ್ಟೆ.
ಇಡೀ ಮಧ್ಯಾಹ್ನ ಅಮ್ಮ
ಅದು ಏಳಲಿ ಎಂದು ಕಾದಳು.

ಈಗಲೂ ಎದ್ದೆ.
ಅಮ್ಮ ಮಣಿಕಟ್ಟು ಹಿಡಿದು ಕೂರಿಸಿದಳು.
ನ್ಯಾಯಾಧೀಶೆಯನ್ನೇ ನೋಡುತ್ತ, ಮಗುವಿಗೆ ಉಣಿಸುವವರ ಹಾಗೆ
ತುತ್ತು ತುತ್ತಾಗಿ, ಕೈಯೆತ್ತಿ ಹೇಳಿದಳು:

ಇವಳು ನನ್ನ ಮಗಳು. ನನ್ನ ಬಾಯಲ್ಲ.
ಬಾಯಿ ನನಗಿದೆ, ಇಗೋ, ಇಲ್ಲಿ.
ಇದಕ್ಕೆ ಕಿವಿಯಿಲ್ಲದಿರುವುದು ನಿಮಗೆ.
ತರಿಸಿಕೊಳ್ಳಿ.

ನನಗೆ ತಿಳಿಯಿತು. ಹೇಳಬೇಡ ಎಂದು ಕಣ್ಣಲ್ಲೇ ಗದರಿದಳು.
ಕಿವಿಯಿದ್ದವರೆಲ್ಲ ಕಿವುಡರಾಗಿ
ಒಬ್ಬರ ಮುಖ ಒಬ್ಬರು ನೋಡಿಕೊಂಡರು.
ಫ್ಯಾನು ತಿರುಗುತ್ತಿತ್ತು, ಗಾಳಿಯಿರಲಿಲ್ಲ.

ಕೇಳು ಎನ್ನುವ ಮಾತಿಗೆ ಎರಡು ಬಾಗಿಲು.
ಒಂದರಿಂದ ಸದ್ದು ಒಳಗೆ ಬರುತ್ತದೆ.
ಅಮ್ಮನಿಗೆ ಅದು ಹುಟ್ಟುತ್ತಲೇ ಗೋಡೆ,
ಗೋಡೆಗೆ ಒರಗಿ ಸುಖವಾಗಿಯೇ ಇದ್ದಳು.
ಇನ್ನೊಂದರಿಂದ ಮನುಷ್ಯರು ಹೊರಗೆ ಬರುತ್ತಾರೆ,
ಇದು ನನ್ನದು, ಕೊಡಿ, ಎಂದು ಕೇಳಲು.
ಅದಕ್ಕೆ ಚಿಲಕ ಹಾಕಿದವರು ಬೇರೆ:
ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂರು
ಎಂದು ರೂಲುದೊಣ್ಣೆ ಹಿಡಿದು ನಿಂತ ಮೇಷ್ಟ್ರು,
ಪಾಪ ಪಾಪ ಎನ್ನುತ್ತ
ತಕ್ಕಡಿಯಿಂದ ಒಂದು ಹಿಡಿ ಹೆಚ್ಚಿಗೆ ಬಾಚಿದವರು.
ಕೇಳಲಾರದವಳು
ಇವತ್ತು ಕೇಳಿದಳು.

ಮುಂದಿನ ತಾರೀಖಿಗೆ ಕೆರುಬೊ ಬಂದಳು,
ನೈರೋಬಿಯಿಂದ ರಾತ್ರಿ ಬಸ್ಸಲ್ಲಿ, ಕಣ್ಣು ಕೆಂಪಾಗಿ.
ಅಮ್ಮ ನಲವತ್ತು ನಿಮಿಷ ಮಾತಾಡಿದಳು.
ಕಾವಲಿನವನು ದಿನಾ ಪುಕ್ಕಟೆ ಒಯ್ಯುವ ಮೀನಿನ ಲೆಕ್ಕ,
ಉಪ್ಪಿನ ರೇಟು, ಕೆರೆಯ ಮೇಲಿನ ಕಳೆ,
ಅವನು ಬೆನ್ನಿಗೆ ಕೂಗುವ ಬದಲು ಎದುರಿಗೆ ಬಂದು
ಕೈಬೀಸಬಹುದಿತ್ತಲ್ಲ ಎನ್ನುವ ಪ್ರಶ್ನೆ.
ಅವನ ನಡಿಗೆಯನ್ನು ಎರಡು ಬೆರಳಲ್ಲಿ ನಡೆದು ತೋರಿಸಿದಾಗ
ನ್ಯಾಯಾಧೀಶೆ, ಕೆರುಬೊ ಬಾಯಿ ತೆರೆಯುವ ಮೊದಲೇ, ನಕ್ಕರು.

ಕೇಸು ಬಿದ್ದಿಲ್ಲ, ಇನ್ನೂ ಒಂದು ತಾರೀಖು ಕೊಟ್ಟಿದ್ದಾರೆ.

ನಾನು ಹಿಂದಿನ ಬೆಂಚಿನಲ್ಲಿ ಕಡಲೆಕಾಯಿ ಸುಲಿಯುತ್ತ,
ಕೈಗೆ ಬೇರೆ ಕೆಲಸವಿಲ್ಲದೆ, ನೋಡುತ್ತಿದ್ದೆ.
ಇಷ್ಟು ವಾಚಾಳಿಯೇ ನನ್ನ ಅಮ್ಮ?
ಇಷ್ಟು ವರ್ಷ
ನನ್ನ ಬಾಯಿಗೆ ಹಿಡಿಸುವಷ್ಟೇ
ಮಾತಾಡಿದ್ದಳು.