ಗೀರು

ಜಾರ್ಜಿಯಾದ ಬಾಡಿಗೆ ಕಾರಿನ ಬಲಬಾಗಿಲಲ್ಲಿ
ನಾವು ಕೈಯಿಡುವ ಮೊದಲೇ ಗೀರಿತ್ತು.
ಇತ್ತೆನ್ನಲು ಫೋಟೋ ಇಲ್ಲ. ಇರುವ ಒಂದರಲ್ಲಿ
ಗೀರಿನ ಜಾಗಕ್ಕೆ ಸರಿಯಾಗಿ ನಫೀಸಾ ಟೀಚರ ಶಾಲು.

ಠೇವಣಿ ಮೂವತ್ತು ಸಾವಿರ.
ಬುಕ್ಕಿಂಗಿನವ ಹೇಳುತ್ತಾನೆ, ಕಾರಿನವನ ಕೇಳಿ.
ಕಾರಿನವ ಹೇಳುತ್ತಾನೆ, ಬುಕ್ಕಿಂಗಿನವನ ಕೇಳಿ.
ನಡುವೆ ಪಿಟೀಲು.

ಅಜ್ಜನ ಕಾಲದ ಎತ್ತಿನ ದಲ್ಲಾಳಿ ಐತ್ತಪ್ಪ
ಬೈರಾಸಿನಡಿ ಬೆರಳು ಹಿಡಿದು ಕ್ರಯ ಹೇಳುತ್ತಿದ್ದನಂತೆ.
ಮೋಸವೇ.
ಆದರೂ ಬೆರಳು ಬೆಚ್ಚಗಿತ್ತು,
ಸಂಜೆ ಪೆರ್ಲದ ಗಡಂಗಿನಲ್ಲಿ
ಬೈಯಲಿಕ್ಕೆ ಸಿಗುತ್ತಿದ್ದ.

"ಓದಿಯೇ ಸಹಿ ಹಾಕಿದ್ದಲ್ಲವೇ ಮೇಡಂ?"
ಕೇಳುತ್ತಾಳೆ ಫೋನಿನ ಹುಡುಗಿ.
ಓದುವುದೆಂತ! ಅಕ್ಷರಗಳು ದುಂಡಗಿದ್ದವು,
ನಮ್ಮವುಗಳ ದಾಯಾದಿಗಳ ಹಾಗೆ.
ಓದಲಾಗದ್ದಕ್ಕೆ ಸಹಿ ಹಾಕಿ ಹಾಕಿ
ಈ ಕೈಗೆ ನಲ್ವತ್ತು ವರ್ಷದ ಅಭ್ಯಾಸ.

ಇವತ್ತು ಬದಿಯಡ್ಕದ ವಿಲ್ಲೇಜಾಫೀಸು. ಮಲಯಾಳದ ಅರ್ಜಿ.
ಪಾಪದ ಹುಡುಗ, ಪೆನ್ಸಿಲಿನಲ್ಲಿ ಗುರುತು ಮಾಡಿ ಕೊಟ್ಟ,
ಇಲ್ಲಿ, ಮತ್ತೆ ಇಲ್ಲಿ.
ಒಂದು ನಿಮಿಷ, ಎಂದೆ.
ಕನ್ನಡಕ ಸರಿಮಾಡಿ, ಮೊಬೈಲು ತೆಗೆದು
ನಾಲ್ಕೂ ಮೂಲೆ, ಹಿಂಬದಿ ಸಹ
ಫೋಟೋ ಹೊಡೆದುಕೊಂಡೆ.