ಬಿಳಿ ಬಳಿದ ಪದ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನ ಹಿಂದೆ
ನಮ್ಮ ವಾಚನಾಲಯ.
ಕಿಟಕಿ ತೆಗೆದರೆ ಹೊಗೆ, ಮುಚ್ಚಿದರೆ ಸೆಕೆ.
ಪುಸ್ತಕ ಬಿಡಿಸಿದಾಗೆಲ್ಲ ಮೊದಲು
ಉಫ್ ಎಂದು ಊದಬೇಕು ಮಸಿಯನ್ನು,
ಆಮೇಲೆ ಕತೆ.

ಕಳೆದ ತಿಂಗಳು ಸಮಿತಿಯವರು ಕೂತು ತೀರ್ಮಾನಿಸಿದರು:
ಮಕ್ಕಳ ಕಪಾಟಿನಲ್ಲಿ ರಕ್ತ ಬೇಡ.
ಮಿರ್ಚಿ ತರಿಸಿದ್ದರು. ನಾನೂ ತಿಂದೆ,
ನಾನೂ ತಲೆಯಾಡಿಸಿದೆ.
ಮೂರು ಬಾಟಲಿ ವೈಟ್ನರ್ ಬಂತು, ರಸೀದಿ ಸಮೇತ.

ರಾತ್ರಿಯೆಲ್ಲ ಕೂತು ಬಳಿದೆ.
ಕಡಿದ ಎಂಬಲ್ಲಿ ತಡೆದ.
ಸೀಳಿದ ಎಂಬಲ್ಲಿ ಕೇಳಿದ.
ಸುಟ್ಟರು ಎಂಬಲ್ಲಿ ಬಿಟ್ಟರು.
ಪ್ರಾಸ ಕೂಡಿತಲ್ಲ ಎಂದು
ಒಳಗೊಳಗೇ ಖುಷಿ, ಸುಳ್ಳೇಕೆ.
ಏಳು ಕೆರೆಯ ನೀರು ಕುಡಿದ ರಕ್ಕಸನಿಗೆ ಮಾತ್ರ
ಕೊನೆಯ ಪುಟಕ್ಕೇ ಅರ್ಧ ಬಾಟಲಿ ಹಿಡಿಯಿತು.
ಒಣಗಿದ ಮೇಲೆ ದುಂಡಗೆ ಬರೆದೆ:
ರಕ್ಕಸ ಊರು ಬಿಟ್ಟು ಹೋದ.

ಶನಿವಾರ. ಚಾಪೆಯ ಮೇಲೆ ಹದಿನಾಲ್ಕು ಮಕ್ಕಳು.
ಓದಿ ಮುಗಿಸಿದೆ. ಯಾರೂ ಏಳಲಿಲ್ಲ.
ಕೊಟ್ರಮ್ಮ, ಅಜ್ಜಿಯ ಹೆಸರು ಹೊತ್ತ ಎಂಟರ ಹುಡುಗಿ,
"ಎಲ್ಲಿಗೋದ ಮಿಸ್?"
ದೂರ.
"ಹರಿಹರ ದಾಟಿದ್ನಾ?"
ದಾಟಿದ.
"ಬಸ್ ಐತಲ್ಲ. ವಾಪಸ್ ಬರ್ತಾನ."
ಇಲ್ಲಮ್ಮ, ಬರಲ್ಲ.
"ನಮ್ಮ ಮಾಮನೂ ಹಂಗೇ ಊರು ಬಿಟ್ಟಿದ್ದ.
ಬಂದ. ಈಗ ನಾವು ಚಿಲಕ ಹಾಕಿ
ಬಾಗಿಲಿಗೊಂದು ಕಲ್ಲು ಒತ್ತಿ ಮಲಗ್ತೀವಿ."

ಮೂಗು ಒರೆಸಿಕೊಂಡಳು.
ಅಳುವಲ್ಲ, ನೆಗಡಿ.

ಆಚೆ ಮರಳು ಕಾದಿತ್ತು.
ಅಕ್ಕಿ ಬೀಳುವ ಸದ್ದು, ಸಿಡಿದು ಅರಳುವ ಸದ್ದು,
ಜರಡಿ. ಅಕ್ಕಿಗೆ ಏನಾಗುತ್ತದೆಂದು
ಈ ಬೀದಿಯ ಮಕ್ಕಳಿಗೆ ಯಾರೂ ಮುಚ್ಚಿಟ್ಟಿಲ್ಲ.

ಪುಸ್ತಕ ಕಸಿದುಕೊಂಡು ಉಗುರಿನಿಂದ ಕೆರೆದಳು.
ಉಗುರ ತುಂಬ ಮಸಿ. ಬಿಳಿ ಹಕ್ಕಳೆ ಹಕ್ಕಳೆಯಾಗಿ
ಚಾಪೆಗೆ ಉದುರಿತು, ಮಂಡಕ್ಕಿಯ ಪುಡಿಯ ಹಾಗೆ.
ಮೊದಲು ಕಂಡದ್ದು ಕೊ, ಆಮೇಲೆ ಸೊನ್ನೆ,
ಆಮೇಲೆ ಪೂರ್ತಿ.
ಬೆರಳಿಟ್ಟು ಬಿಡಿಸಿ ಓದಿದಳು: ಕೊಂ-ದ-ರು.
ಉಸಿರು ಬಿಟ್ಟಳು,
ಸಂತೆಯಿಂದ ಬಂದು ಚೀಲ ಇಳಿಸಿದ ಹೆಂಗಸಿನಂತೆ.

ಇಲ್ಲಿಗೇ ಮುಗಿದಿದ್ದರೆ ನನಗೆ ಸುಲಭವಿತ್ತು.
ಹಿಂದಿನ ಸಾಲಿಂದ ಜಾಫರ್,
ಇಡೀ ವರ್ಷ ಬಾಯಿ ಬಿಡದವನು,
"ರಕ್ಕಸಂಗೆ ಅಮ್ಮ ಇದ್ಳಾ?" ಅಂದ.
"ಅವಳಿಗೆ ಯಾರು ಹೇಳಿದ್ರು?"

ತಿರುವಿ ನೋಡಿದೆ. ಬರೆದಿರಲಿಲ್ಲ.
ಬಿಳಿಯ ಕೆಳಗೂ ಇರಲಿಲ್ಲ.

ಸೋಮವಾರ ಸಮಿತಿಗೆ ಲೆಕ್ಕ ಒಪ್ಪಿಸಬೇಕು.
ಉಳಿದ ಬಾಟಲಿ ಅಲುಗಿಸಿದರೆ
ಒಳಗಿನ ಗುಂಡು ಕಟಕಟ ಎನ್ನುತ್ತದೆ.
ಹುಡುಗ ನನ್ನ ಪೆನ್ಸಿಲ್ ಇಸಕೊಂಡು
ಕೊನೆಯ ಪುಟದ ಖಾಲಿ ಜಾಗದಲ್ಲಿ
ಒಬ್ಬ ಹೆಂಗಸನ್ನು ಬರೆಯುತ್ತಿದ್ದಾನೆ:
ಕೋರೆಹಲ್ಲು, ತಲೆ ಮೇಲೆ ಸೆರಗು,
ಬಾಗಿಲಲ್ಲಿ ಕಾದು ನಿಂತ ಹಾಗೆ.
ಚಿಲಕ ಒಳಗಡೆ ಬರೆಯಬೇಕೋ ಹೊರಗಡೆಯೋ
ಎಂದು ಕೊಟ್ರಮ್ಮ
ಅವನೊಡನೆ ಜಗಳ ತೆಗೆದಿದ್ದಾಳೆ.